ಘಾಟಿ ಹತ್ತುವಾಗ ಮಾತ್ರ ಕೈಕೊಡುವ ಕಿಡಿ

ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಘಾಟಿಯಲ್ಲಿ 14 ತಿರುವುಗಳಿವೆ. ಭಾವನ ಕಾರು ಮೂರನೆಯದರಲ್ಲೇ ಕೆಮ್ಮಲು ಶುರು ಮಾಡಿತು. ಎರಡೇ ಸೀಟಿನ, ಬಟ್ಟೆ ಮಾಡಿನ, ತೊಂಬತ್ತರ ದಶಕದ ಸ್ಪೋರ್ಟ್ಸ್ ಕಾರು ಅದು. ಮಲೆನಾಡಿನ ಮಳೆಗೆ ಯಾರಾದರೂ ಬಟ್ಟೆ ಮಾಡಿನ ಕಾರು ತಗೊಳ್ತಾರಾ ಅಂತ ಮನೆಯವರೆಲ್ಲ ಕೇಳಿ ಆಗಿದೆ. ನಾನು ಮತ್ತೆ ಕೇಳುವುದಿಲ್ಲ.

ವಿಚಿತ್ರ ಏನೆಂದರೆ, ಸಪಾಟು ರಸ್ತೆಯಲ್ಲಿ ಅದಕ್ಕೆ ಏನೂ ತೊಂದರೆ ಇರಲಿಲ್ಲ. ನಿಂತಲ್ಲೂ ಎಂಜಿನ್ ಗುಂಯ್ ಎನ್ನುತ್ತಿತ್ತು. ತಿರುವು ಕಳೆದು, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಜಗ್ಗಿ ಜಗ್ಗಿ ಓಡುತ್ತಿತ್ತು. "ಮಿಸ್ಸಿಂಗ್ ಹೊಡೀತಿದೆ ಮಾರಾಯ, ಪೆಟ್ರೋಲಿಗೆ ನೀರು ಸೇರಿರಬೇಕು" ಅಂದ ಭಾವ. ನನಗೆ ಅನುಮಾನ ಬಂದದ್ದು ಕಿಡಿಯ ಮೇಲೆ, ಅಂದರೆ ಸಿಲಿಂಡರಿನೊಳಗೆ ಸ್ಪಾರ್ಕ್ ಪ್ಲಗ್ಗಿನ ತುದಿಯ ಸಣ್ಣ ಸಂದಿನಲ್ಲಿ ಹಾರಿ ಪೆಟ್ರೋಲಿಗೆ ಬೆಂಕಿ ಹಚ್ಚುವ ಕಿಡಿ.

ಗಾಳಿ ಸುಮ್ನೆ ಕರೆಂಟ್ ಬಿಟ್ಟುಕೊಡುವುದಿಲ್ಲ. ಒಂದು ಮಿಲಿಮೀಟರ್ ಸಂದನ್ನು ಹಾರಬೇಕೆಂದರೆ, ನಾವು ಉಸಿರಾಡುವ ಮಾಮೂಲಿ ಗಾಳಿಯಲ್ಲೇ ಸುಮಾರು 4,000 ವೋಲ್ಟ್ ಬೇಕು. ಗಾಳಿಯನ್ನು ಒತ್ತಿದರೆ ಇನ್ನೂ ಜಾಸ್ತಿ ಬೇಕು. ಜರ್ಮನಿಯ ಫ್ರೆಡ್ರಿಕ್ ಪಾಶೆನ್ 1889ರಲ್ಲಿ ಇದನ್ನು ಲೆಕ್ಕಕ್ಕೆ ತಂದ. ಕಿಡಿ ಹಾರಲು ಎಷ್ಟು ವೋಲ್ಟ್ ಬೇಕು ಎಂಬುದು ಒತ್ತಡವನ್ನೂ ಸಂದಿನ ಅಗಲವನ್ನೂ ಗುಣಿಸಿದಾಗ ಬರುವ ಸಂಖ್ಯೆಯ ಮೇಲೆ ನಿಂತಿದೆ ಎಂದು ತೋರಿಸಿದ. ಎಂಜಿನ್ ಸುಮ್ನೆ ತಿರುಗುತ್ತಿರುವಾಗ ಒಳಗೆ ಹೋಗುವ ಗಾಳಿಯೇ ಕಡಿಮೆ. ಹಾಗಾಗಿ ಒತ್ತಡವೂ ಕಡಿಮೆ, ಕಿಡಿಗೆ ಕೆಲಸ ಸುಲಭ. ಏರಿನಲ್ಲಿ ಆಕ್ಸಿಲರೇಟರ್ ತುಳಿದರೆ ಸಿಲಿಂಡರಿನ ತುಂಬ ಗಾಳಿ. ಪಿಸ್ಟನ್ ಅದನ್ನು ಒತ್ತಿದಾಗ ಅದೇ ಒಂದು ಮಿಲಿಮೀಟರಿಗೆ 15,000, 20,000 ವೋಲ್ಟ್ ಬೇಕಾಗುತ್ತದೆ.

ಇಷ್ಟು ವೋಲ್ಟೇಜ್ ಕೊಡುವುದು ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿ: ದಪ್ಪ ತಂತಿಯದು ಕೆಲವೇ ನೂರು ಸುತ್ತು, ಕೂದಲೆಳೆಯಂಥದ್ದು ಸಾವಿರಾರು ಸುತ್ತು. ದಪ್ಪ ಸುರುಳಿಯಲ್ಲಿ ಹರಿಯುವ 12 ವೋಲ್ಟಿನ ಕರೆಂಟನ್ನು ಥಟ್ಟನೆ ಕಡಿದರೆ ಸಣ್ಣ ಸುರುಳಿಯಲ್ಲಿ ವೋಲ್ಟೇಜ್ ಜಿಗಿಯುತ್ತದೆ. ಪಂಪ್‌ಸೆಟ್ ಥಟ್ಟನೆ ನಿಂತಾಗ ಪೈಪು ಧಡ್ ಎನ್ನುತ್ತದಲ್ಲ, ಸುಮಾರಾಗಿ ಆ ಥರ. ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿಷಯವೇ ಇದು. ಆದರೆ ಕಾಯಿಲ್‌ಗೆ ಪ್ಲಗ್ ಎಲ್ಲಿದೆ ಎಂದು ಗೊತ್ತಿಲ್ಲ. ವೋಲ್ಟೇಜ್ ಏರುತ್ತಾ ಹೋಗುತ್ತದೆ, ಎಲ್ಲಿ ಮೊದಲು ದಾರಿ ಸಿಕ್ಕಿತೋ ಅಲ್ಲಿ ನುಗ್ಗುತ್ತದೆ. ಗದ್ದೆ ಅಂಚಿನಲ್ಲಿ ಏಡಿ ತೂತು ಮಾಡಿದ್ದರೆ ನೀರು ಕಡಿಮೆ ಇದ್ದಾಗ ಗೊತ್ತೇ ಆಗುವುದಿಲ್ಲ. ಗದ್ದೆ ತುಂಬಿದಾಗ ಗೊತ್ತಾಗುತ್ತದೆ.

ನಮ್ಮ ಏಡಿ ತೂತು ಎಲ್ಲಿದೆ ಎಂದು ಹುಡುಕಿದ್ದು ರಾತ್ರಿ. ತೀರ್ಥಹಳ್ಳಿ ಕಡೆಯ ಮನೆ, ಜುಲೈ ತಿಂಗಳು, ಕರೆಂಟ್ ಇರಲಿಲ್ಲ. ಈ ಕೆಲಸಕ್ಕೆ ಕತ್ತಲೇ ಬೇಕಾದದ್ದು. ಮೂರು ಕಡೆ ತೆರೆದ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿದೆವು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಹೀಗೆ ಮಾಡಬೇಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅಕ್ಕ ಆಂಥೂರಿಯಂಗೆ ನೀರು ಚಿಮುಕಿಸುವ ಬಾಟಲಿಯಿಂದ ಕಾಯಿಲ್‌ನಿಂದ ಪ್ಲಗ್ಗುಗಳಿಗೆ ಹೋಗುವ ವೈರುಗಳ ಮೇಲೆ ದೂರದಿಂದಲೇ ಒಂಚೂರು ಹನಿ ಹಾರಿಸಿದೆ. ಮೂರನೇ ಸಿಲಿಂಡರಿನ ವೈರಿನ ನಡುವೆ ನೀಲಿ ದಾರದಂಥ ಬೆಳಕು ಎಂಜಿನ್ನಿನ ಲೋಹದತ್ತ ಹರಿದಾಡಿತು. ಟಿಕ್ ಟಿಕ್ ಟಿಕ್. ಪ್ರತಿ ಟಿಕ್ಕಿಗೂ ಎಂಜಿನ್ ಸಣ್ಣಗೆ ಅದುರುತ್ತಿತ್ತು. ಭಾವ ಬೆರಳು ಚಾಚಿ ತೋರಿಸಲು ಹೋದ. ನಾನು ಕೈ ಹಿಡಿದು ಎಳೆದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರಂತೂ ಈ ಆಟದ ಹತ್ತಿರವೂ ಬರಬಾರದು.

ಮಳೆಗಾಲದಲ್ಲೇ ಇದು ಜಾಸ್ತಿ ಏಕೆ? ಶುದ್ಧ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ. ವೈರಿನ ಮೇಲೆ ಕೂತ ಧೂಳು, ಎಣ್ಣೆ, ಮಸಿಯ ಜೊತೆ ಬೆರೆತ ನೀರಿನ ಪದರದಲ್ಲಿ ಹರಿಯುತ್ತದೆ. ಶರಾವತಿಯ ಕರೆಂಟ್ ಹೊತ್ತು ಕಾಡಿನ ಮೇಲೆ ಹೋಗುವ ಲೈನುಗಳು ಸೋನೆ ಮಳೆಯಲ್ಲಿ ಚರಚರ ಎನ್ನುವುದನ್ನು ಕೇಳಿರುತ್ತೀರಿ. ಆ ಗೋಪುರಗಳಲ್ಲಿ ಸಾಲಾಗಿ ತೂಗುವ ತಟ್ಟೆಗಳನ್ನೂ ಪ್ಲಗ್ಗಿನ ಬಿಳಿ ಮೈಮೇಲಿನ ಏಣುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಲಸ ಒಂದೇ. ಮೇಲ್ಮೈ ಹಿಡಿದು ತೆವಳುವ ಕರೆಂಟಿಗೆ ದಾರಿ ಉದ್ದ ಮಾಡುವುದು. ಪ್ಲಗ್ಗಿನ ಆ ಬಿಳಿ ಮೈ ಅಲ್ಯೂಮಿನಾ ಎಂಬ ಸೆರಾಮಿಕ್. ಬೆರಳಿನಷ್ಟು ಉದ್ದದ ಆ ತುಂಡು ಒಂದು ತುದಿಯಲ್ಲಿ ಬೆಂಕಿ ತಾಳಬೇಕು, ಉದ್ದಕ್ಕೂ 20,000 ವೋಲ್ಟ್ ತಡೆಯಬೇಕು. ನನ್ನ ಮಟ್ಟಿಗೆ ಇಡೀ ಎಂಜಿನ್ನಿನಲ್ಲಿ ಇದಕ್ಕಿಂತ ಚೆಂದದ ಭಾಗ ಇಲ್ಲ.

ಹೊಸ ಪ್ಲಗ್ಗು, ವೈರು ಶಿವಮೊಗ್ಗದಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ತರಿಸಿ ಭಾನುವಾರ ಬೆಳಿಗ್ಗೆ ಕೂತೆವು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬಿಸಿ ಇದ್ದಾಗ ತಿರುಗಿಸಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರುವ ಭಯ. ವೈರನ್ನು ಹಿಡಿದು ಎಳೆಯುವ ಹಾಗಿಲ್ಲ. ತುದಿಯ ರಬ್ಬರ್ ಟೊಪ್ಪಿಯನ್ನು ಸ್ವಲ್ಪ ತಿರುಚಿ ಮೇಲೆತ್ತಬೇಕು. ಒಂದು ತೆಗೆದು, ಅದರ ಜಾಗಕ್ಕೆ ಹೊಸದು ಹಾಕಿಯೇ ಮುಂದಿನದು. ನಾಲ್ಕನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಯದು ಎಂಬ ಗೊಂದಲ ಗ್ಯಾರಂಟಿ. ಪ್ಲಗ್ ಬಿಚ್ಚುವ ಮೊದಲು ಸೈಕಲ್ ಪಂಪಿನಿಂದ ಅದು ಕೂತ ಗುಂಡಿಯ ಕಸ ಊದಿದೆವು. ಒಣಗಿದ ಎಲೆ, ಮಣ್ಣು, ಒಂದು ಸತ್ತ ಜೀರುಂಡೆ ಹಾರಿ ಬಂದವು. ಇವು ಸಿಲಿಂಡರಿಗೆ ಬಿದ್ದಿದ್ದರೆ ಕಷ್ಟವಿತ್ತು.

ಹಳೇ ಪ್ಲಗ್ಗುಗಳನ್ನು ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಮೂರು ಪ್ಲಗ್ಗುಗಳ ತುದಿ ತಿಳಿ ಕಂದು. ಇದು ಆರೋಗ್ಯದ ಬಣ್ಣ. ಮೂರನೇ ಸಿಲಿಂಡರಿನದು ಮಾತ್ರ ಕಪ್ಪು ಮಸಿ, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ತುದಿ 450 ಡಿಗ್ರಿ ಸೆಲ್ಸಿಯಸ್ ಮೀರಿದರೆ ಮಸಿ ತಾನೇ ಸುಟ್ಟು ಹೋಗುತ್ತದೆ. ಆಗಾಗ ಕಿಡಿ ತಪ್ಪುವ ಕಡೆ ಆ ಬಿಸಿ ಬರುವುದಿಲ್ಲ.

ಇನ್ನೊಂದು ಸಂಗತಿ ಕಂಡಿತು. ಎರಡು ಪ್ಲಗ್ಗುಗಳಲ್ಲಿ ನಡುವಿನ ಕಡ್ಡಿ ಸವೆದಿತ್ತು, ಇನ್ನೆರಡರಲ್ಲಿ ಮೇಲಿನ ಕೊಕ್ಕೆ. ಭಾವ "ನಾಲ್ಕೂ ಒಂದೇ ದಿನ ಹಾಕಿದ್ದು, ಇದೆಂಥ ಕಥೆ?" ಎಂದ. ಈ ಕಾರಿನಲ್ಲಿ ಒಂದು ಕಾಯಿಲ್ ಎರಡು ಪ್ಲಗ್ಗುಗಳಿಗೆ ಒಟ್ಟಿಗೆ ಕಿಡಿ ಕೊಡುತ್ತದೆ. ಒಂದನೆಯದಕ್ಕೆ ನಾಲ್ಕನೆಯದು ಜೊತೆ, ಎರಡಕ್ಕೆ ಮೂರು. ಒಂದು ಕಡೆ ಕಿಡಿ ಕೆಲಸ ಮಾಡುತ್ತದೆ. ಇನ್ನೊಂದು ಕಡೆ ಹೊಗೆ ಹೊರಗೆ ಹೋಗುವ ಹೊತ್ತು, ಕಿಡಿ ದಂಡ. ಕರೆಂಟ್ ಸುತ್ತಿ ಬರಬೇಕಲ್ಲ? ಹಾಗಾಗಿ ಒಂದರಲ್ಲಿ ಕಡ್ಡಿಯಿಂದ ಕೊಕ್ಕೆಗೆ ಹಾರಿದರೆ ಜೋಡಿಯದರಲ್ಲಿ ಕೊಕ್ಕೆಯಿಂದ ಕಡ್ಡಿಗೆ. ಲೋಹ ಎಲ್ಲಿ ಜಾಸ್ತಿ ಸವೆಯುತ್ತದೆ ಎಂಬುದನ್ನು ಈ ದಿಕ್ಕೇ ನಿರ್ಧರಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ದಂಡದ್ದೂ ಸೇರಿ ಪ್ರತಿ ಸುತ್ತಿಗೆ ಒಂದು ಕಿಡಿ. 40,000 ಕಿಲೋಮೀಟರ್ ಓಡಿದರೆ ಪ್ಲಗ್ ಒಂದಕ್ಕೆ 10 ಕೋಟಿ. ಗ್ಯಾಪ್ 1.1 ಮಿಲಿಮೀಟರ್ ಇರಬೇಕಾದದ್ದು ಫೀಲರ್ ಗೇಜಿನಲ್ಲಿ 1.4 ತೋರಿಸಿತು. ಪಾಶೆನ್ ಲೆಕ್ಕ ನೆನಪಿದೆಯಲ್ಲ, ಗ್ಯಾಪ್ ಅಗಲವಾದಷ್ಟೂ ವೋಲ್ಟೇಜ್ ಜಾಸ್ತಿ ಬೇಕು. ವೈರಿನ ಸಣ್ಣ ಬಿರುಕು ಅಷ್ಟು ದಿನ ಸುಮ್ಮನಿದ್ದು ಈಗ ಬಾಯಿ ಬಿಟ್ಟದ್ದು ಅದಕ್ಕೇ.

ವೈರುಗಳನ್ನೂ ಮಲ್ಟಿಮೀಟರಿಗೆ ಹಿಡಿದೆ. ಒಳಗಿರುವುದು ತಾಮ್ರ ಅಲ್ಲ, ಇಂಗಾಲ ತುಂಬಿದ ನಾರು. ಬೇಕೆಂದೇ ಸಾವಿರಾರು ಓಮ್ ಪ್ರತಿರೋಧ ಇಟ್ಟಿರುತ್ತಾರೆ. ಇಲ್ಲದಿದ್ದರೆ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಸ್ಟೇಷನ್. ವಿಜ್ಞಾನಿ ಹರ್ಟ್ಸ್ 1880ರ ದಶಕದಲ್ಲಿ ರೇಡಿಯೋ ಅಲೆ ಹುಟ್ಟಿಸಿದ್ದೇ ಕಿಡಿಯಿಂದ. ಚಿಕ್ಕವರಿದ್ದಾಗ ಭದ್ರಾವತಿ ಆಕಾಶವಾಣಿ ಕೇಳುತ್ತಿರುವಾಗ ರಸ್ತೆಯಲ್ಲಿ ಹಳೇ ಜೀಪು ಹೋದರೆ ರೇಡಿಯೋ ಕರಕರ ಎನ್ನುತ್ತಿತ್ತು, ದೂರದಲ್ಲಿ ಮಿಂಚಿದಾಗಲೂ ಹಾಗೇ. ನಮ್ಮ ಮೂರು ವೈರು ಹತ್ತು ಸಾವಿರ ಓಮ್ ಒಳಗೇ ಇದ್ದವು. ಕೆಟ್ಟದ್ದನ್ನು ಬಗ್ಗಿಸಿದರೆ ಅಂಕಿ ಕುಣಿಯುತ್ತಿತ್ತು.

ಹೊಸ ಪ್ಲಗ್ಗನ್ನು ಸ್ಪ್ಯಾನರಿನಲ್ಲಿ ಶುರು ಮಾಡಬೇಡಿ. ಅಡಿಕೆಗೆ ಔಷಧಿ ಹೊಡೆಯುವ ಪೈಪಿನ ಒಂದು ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಬೆರಳಲ್ಲೇ ತಿರುಗಿಸಿದೆವು. ಥ್ರೆಡ್ ಅಡ್ಡ ಕೂತರೆ ಪೈಪು ಜಾರುತ್ತದೆ, ಲೋಹ ಹಾಳಾಗುವುದಿಲ್ಲ. ಕೊನೆಯ ಬಿಗಿ 22 ನ್ಯೂಟನ್ ಮೀಟರ್. ಅಂದರೆ 25 ಸೆಂಟಿಮೀಟರ್ ಹಿಡಿಯ ತುದಿಗೆ ಸುಮಾರು 9 ಕೆಜಿ ತೂಗುಹಾಕಿದಷ್ಟು. ಭಾವನ ತೋಳಿಗೆ ಇದು ಏನೂ ಅಲ್ಲ, ಅದಕ್ಕೇ ಟಾರ್ಕ್ ರೆಂಚ್ ನನ್ನ ಕೈಯಲ್ಲಿತ್ತು. ರಬ್ಬರ್ ಟೊಪ್ಪಿಯ ಒಳಗೆ ಒಂದಿಷ್ಟು ಸಿಲಿಕೋನ್ ಗ್ರೀಸ್ ಸವರಿ ಮುಗಿಸಿದೆವು.

ಸಂಜೆ ಘಾಟಿ ಇಳಿದು ಮತ್ತೆ ಹತ್ತಿದೆವು. ಮಳೆ ಬಿಡದೆ ಹೊಡೆಯುತ್ತಿತ್ತು. 14 ತಿರುವೂ ಕಳೆದವು, ಎಂಜಿನ್ ಒಮ್ಮೆಯೂ ಜಗ್ಗಲಿಲ್ಲ. ಸೋರಿದ್ದು ಬಟ್ಟೆ ಮಾಡು ಮಾತ್ರ.

ಮನೆಗೆ ಬಂದರೆ ಚಿಕ್ಕಪ್ಪ ಹಳೇ ಪ್ಲಗ್ಗುಗಳನ್ನು ಒರೆಸುತ್ತಾ ಕೂತಿದ್ದರು. "ಇದು ಕಳೆ ಹೊಡಿಯೋ ಮಿಷನ್ನಿಗೆ ಆಗ್ತದಾ?" ಥ್ರೆಡ್ಡಿನ ದಪ್ಪ ಎರಡಕ್ಕೂ 14 ಮಿಲಿಮೀಟರ್, ತಿರುಗಿಸಿದರೆ ಕೂರುತ್ತದೆ. ಆದರೆ ಕಾರಿನದಕ್ಕೆ ಥ್ರೆಡ್ 19 ಮಿಲಿಮೀಟರ್ ಉದ್ದ, ಅವರ ಮಿಷನ್ನಿನದಕ್ಕೆ ಅದರ ಅರ್ಧ. ಹಾಕಿದರೆ ಪಿಸ್ಟನ್ ಮೇಲೆ ಬಂದು ಗುದ್ದುತ್ತದೆ ಎಂದೆ. ಚಿಕ್ಕಪ್ಪ ತಲೆಯಾಡಿಸಿದರು. ನಾಲ್ಕನ್ನೂ ಮೊಳೆ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟರು.