ಕುದಿಯುವ ಕಲ್ಲು, ಸೈನಿಕನ ಉಸಿರು

ಆಮ್ಲಜನಕದ ದೊಡ್ಡ ಸಿಲಿಂಡರ್ ಒಂದರ ತೂಕದ ಲೆಕ್ಕ ಹಾಕಿ. 7,000 ಲೀಟರ್ ತುಂಬಿದ ಸಿಲಿಂಡರಿನಲ್ಲಿ ಆಮ್ಲಜನಕ ಇರುವುದು ಸುಮಾರು 9 ಕಿಲೋ. ಅದನ್ನು ಹಿಡಿದಿಟ್ಟ ಉಕ್ಕು ಹೆಚ್ಚುಕಡಿಮೆ 50 ಕಿಲೋ! ನಿಮಿಷಕ್ಕೆ 5 ಲೀಟರಿನಂತೆ ಕೊಟ್ಟರೆ ಒಬ್ಬ ರೋಗಿಗೆ ಅದು ಪೂರ್ತಿ ಒಂದು ದಿನಕ್ಕೂ ಸಾಲುವುದಿಲ್ಲ. ಊರುಗಳಿಂದ ದೂರದ ಸೇನಾ ಶಿಬಿರದ ಆಸ್ಪತ್ರೆಗೆ ಲಾರಿ ಈ ಉಕ್ಕನ್ನು ಹೊತ್ತು ಹೋಗುತ್ತದೆ. ಖಾಲಿಯಾದ ಮೇಲೆ ಅದೇ ಉಕ್ಕನ್ನು ಹೊತ್ತು ವಾಪಸ್ ಬರುತ್ತದೆ. ಹೋಗುವಾಗಲೂ ಡೀಸೆಲ್, ಬರುವಾಗಲೂ ಡೀಸೆಲ್. ಶಿಬಿರದ ಸುತ್ತಲಿನ ಗಾಳಿಯಲ್ಲೇ ಶೇಕಡಾ 21ರಷ್ಟು ಆಮ್ಲಜನಕ ಇದೆ, ಅಲ್ವಾ?

ಹಸಿರು ಆಸ್ಪತ್ರೆ ಅಂದ ಕೂಡಲೇ ಗಿಡ ನೆಡುವುದು, ಪ್ಲಾಸ್ಟಿಕ್ ಬಿಡುವುದು ಎಂದು ಮಾತು ಶುರುವಾಗುತ್ತದೆ. ಅವೂ ಬೇಕು. ಆದರೆ ದೂರದ ಶಿಬಿರದಲ್ಲಿ ನಾನು ಮೊದಲು ಕೇಳುವುದು, ಯಾವ ಸಾಗಾಟವನ್ನು ನಿಲ್ಲಿಸಬಹುದು ಎಂದು. ಇದು ಬರೀ ಹೊಗೆಯ ವಿಷಯವಲ್ಲ. 2007ರಲ್ಲಿ ಅಫ್ಘಾನಿಸ್ತಾನದಲ್ಲಿ ಇಂಧನ ಸಾಗಿಸುವ ಪ್ರತಿ 24 ವಾಹನ ಸಾಲುಗಳಿಗೆ ಒಬ್ಬರು ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು ಎಂದು ಅಮೆರಿಕದ ಸೇನೆಯೇ ಲೆಕ್ಕ ಹಾಕಿದೆ.

ಇಲ್ಲಿ ನೆರವಿಗೆ ಬರುವುದು ಆಮ್ಲಜನಕ ಸಾಂದ್ರಕ, ಅಂದರೆ ಸುತ್ತಲಿನ ಗಾಳಿಯಿಂದಲೇ ಸಾರಜನಕ ತೆಗೆದು ಆಮ್ಲಜನಕ ಕೊಡುವ ಯಂತ್ರ. ಅದರ ಹೊಟ್ಟೆಯಲ್ಲಿರುವುದು ಜಿಯೋಲೈಟ್ ಎಂಬ ಕಲ್ಲಿನ ಹರಳು. 1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಆಕ್ಸೆಲ್ ಕ್ರೋನ್‌ಸ್ಟೆಡ್ ಇಂಥದೊಂದು ಕಲ್ಲನ್ನು ಕಾಯಿಸಿದ. ಕಲ್ಲು ಕುದ್ದು ಹಬೆ ಬಿಟ್ಟಿತು. ಗ್ರೀಕ್ ಭಾಷೆಯಿಂದ ಪದ ತೆಗೆದು ‘ಕುದಿಯುವ ಕಲ್ಲು’ ಎಂಬ ಅರ್ಥದ ಹೆಸರಿಟ್ಟ.

ಈ ಹರಳಿಗೆ ‘ಅಣು ಜರಡಿ’ ಎಂಬ ಹೆಸರೂ ಇದೆ. ತಪ್ಪು ತಿಳುವಳಿಕೆ ಹುಟ್ಟುವುದೇ ಇಲ್ಲಿ. ಆಮ್ಲಜನಕ ಚಿಕ್ಕದು, ಸಾರಜನಕ ದೊಡ್ಡದು, ಹಾಗಾಗಿ ಜರಡಿಯಲ್ಲಿ ಒಂದು ಮಾತ್ರ ಇಳಿಯುತ್ತದೆ ಎಂದು ಎಷ್ಟೋ ಕಡೆ ಸುಮ್ನೆ ಬರೆದುಬಿಡುತ್ತಾರೆ. ಹಾಗಲ್ಲ! ಎರಡೂ ಅಣುಗಳ ಗಾತ್ರದಲ್ಲಿ ಅಂಥ ವ್ಯತ್ಯಾಸವಿಲ್ಲ, ಹರಳಿನ ರಂಧ್ರಗಳಲ್ಲಿ ಎರಡೂ ಆರಾಮಾಗಿ ನುಗ್ಗುತ್ತವೆ. ನಿಜವಾದ ಆಟ ಅಂಟಿನದು. ಸಾರಜನಕದ ಅಣುವಿನಲ್ಲಿ ವಿದ್ಯುದಾವೇಶ ಸಮನಾಗಿ ಹರಡಿಲ್ಲ. ತುದಿಗಳಲ್ಲಿ ಸ್ವಲ್ಪ ಋಣ, ನಡುವೆ ಸ್ವಲ್ಪ ಧನ. ಹರಳಿನೊಳಗೆ ಕೂತ ಸೋಡಿಯಂ ಅಥವಾ ಲಿಥಿಯಂ ಅಯಾನುಗಳು ಧನಾವೇಶದವು, ಆ ತುದಿಗಳನ್ನು ಸೆಳೆದುಕೊಳ್ಳುತ್ತವೆ. ಆಮ್ಲಜನಕದಲ್ಲಿ ಈ ಏರುಪೇರು ತುಂಬಾ ಕಡಿಮೆ, ಅದು ಜಾರಿಹೋಗುತ್ತದೆ. ಹೊಲದಲ್ಲಿ ನಡೆದು ಬಂದರೆ ಕೊಕ್ಕೆಯಿರುವ ಬೀಜ ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ನುಣುಪಾದ ಬೀಜ ಉದುರಿಹೋಗುತ್ತದೆ. ಹಾಗೆಯೇ ಇದು.

ಬಟ್ಟೆ ತುಂಬಾ ಬೀಜ ಕಚ್ಚಿಕೊಂಡರೆ ಹೊಸದಕ್ಕೆ ಜಾಗವಿಲ್ಲ. ಆಗೇನು ಮಾಡುವುದು? ಯಂತ್ರ ಗಾಳಿಯನ್ನು ಒತ್ತಿ ಹರಳಿಗೆ ತುಂಬುತ್ತದೆ, ಆ ಒತ್ತಡ ಇಳಿಸಿದರೆ ಸಾರಜನಕ ತಾನಾಗಿ ಬಿಟ್ಟುಹೋಗುತ್ತದೆ. 1960ರಲ್ಲಿ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್ ಪೇಟೆಂಟ್ ಪಡೆದ ವಿಧಾನ ಇದೇ. ಹರಳು ತುಂಬಿದ ಎರಡು ಕೊಳವೆಗಳು. ಒಂದು ಸಾರಜನಕ ಹಿಡಿಯುವಾಗ ಇನ್ನೊಂದು ಬಿಡುತ್ತದೆ, ಕೆಲವೇ ಸೆಕೆಂಡಿಗೆ ಪಾಳಿ ಬದಲು. ಕೊನೆಗೆ ಸಿಗುವುದು ಶೇಕಡಾ 90ರಿಂದ 95ರಷ್ಟು ಆಮ್ಲಜನಕ. ಅದಕ್ಕಿಂತ ಜಾಸ್ತಿ ಆಗದಿರಲು ಕಾರಣ ಗಾಳಿಯಲ್ಲಿ ತುಸುವೇ ಇರುವ ಆರ್ಗಾನ್ ಎಂಬ ಅನಿಲ, ಅದೂ ಆಮ್ಲಜನಕದ ಜೊತೆಯಲ್ಲೇ ಜಾರಿ ಬರುತ್ತದೆ. ಎತ್ತರದಲ್ಲಿ ಹಾರುವ ಎಷ್ಟೋ ಯುದ್ಧವಿಮಾನಗಳ ಪೈಲಟ್‌ಗಳು ಉಸಿರಾಡುವುದೂ ಇದೇ ಬಗೆಯಲ್ಲಿ ಬೇರ್ಪಡಿಸಿದ ಗಾಳಿಯನ್ನೇ.

ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರಕ್ಕೆ ಸುಮಾರು 350 ವಾಟ್ ಬೇಕು. ದಿನವಿಡೀ ಓಡಿದರೆ 8 ಯೂನಿಟ್ಟಿಗೆ ತುಸು ಮೇಲೆ. ಜನರೇಟರಿನಿಂದ ಕೊಟ್ಟರೆ ದಿನಕ್ಕೆ ಸುಮಾರು 3 ಲೀಟರ್ ಡೀಸೆಲ್, ಮತ್ತೆ ಲಾರಿಯೇ ಗತಿ. ಅದಕ್ಕೇ ಚಾವಣಿಯ ಸೌರಫಲಕ ಮತ್ತು ರಾತ್ರಿಗೆ ಬ್ಯಾಟರಿ ಸೇರಿದಾಗ ಮಾತ್ರ ಈ ಯಂತ್ರ ಪೂರ್ತಿ ಹಸಿರಾಗುತ್ತದೆ. ಕರೆಂಟು ಕೈಕೊಟ್ಟ ಗಳಿಗೆಗೆ ಮೂಲೆಯಲ್ಲಿ ಒಂದೆರಡು ತುಂಬಿದ ಸಿಲಿಂಡರ್ ಇರಲೇಬೇಕು, ಅದರಲ್ಲಿ ರಾಜಿ ಇಲ್ಲ.

ಒಂದು ಶತ್ರು ಮಾತ್ರ ಇದೆ, ತೇವ. ನೀರಿನ ಅಣು ಸಾರಜನಕಕ್ಕಿಂತ ಎಷ್ಟೋ ಗಟ್ಟಿಯಾಗಿ ಈ ಹರಳಿಗೆ ಅಂಟುತ್ತದೆ, ಒತ್ತಡ ಇಳಿಸಿದರೂ ಸುಲಭಕ್ಕೆ ಬಿಡುವುದಿಲ್ಲ. ಮಳೆಗಾಲದ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತ ಯಂತ್ರ ಹೀಗೇ ಕೆಡುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಗುಯ್‌ಗುಟ್ಟುತ್ತಲೇ ಇರುತ್ತದೆ, ಬರುವ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಆಗಾಗ ಓಡಿಸಿ, ಮೀಟರ್ ಹಿಡಿದು ಅಳೆಯಬೇಕು. ಕ್ರೋನ್‌ಸ್ಟೆಡ್‌ನ ಕಲ್ಲು ಅಂದು ಕುದ್ದದ್ದೂ ಅದೇ ರಂಧ್ರಗಳಲ್ಲಿ ಕಚ್ಚಿ ಕೂತಿದ್ದ ಇದೇ ನೀರಿನಿಂದ.