ಮಳೆ ಬಂದರೆ ನೆಟ್ ಹೋಗುತ್ತೆ, ಅಂದರೆ ಅದು ಸ್ಯಾಟಲೈಟ್‌ನಿಂದ ಬರೋದು ತಾನೆ ಸರ್?

ಮುಂಗಾರು ತಡವಾದರೂ ಈ ಪ್ರಶ್ನೆ ತಡವಾಗುವುದಿಲ್ಲ. ಜೂನ್ ಹುಟ್ಟಿದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಇನ್ನೊಮ್ಮೆ ಹೇಳುತ್ತೇನೆ: ಅಲ್ಲ. ನಿಮ್ಮ ಮನೆಯ ವೈಫೈ, ಮೊಬೈಲ್ ಡೇಟಾ ಎರಡೂ ಬರುವುದು ನೆಲದಡಿ, ಕಡಲಡಿ ಹಾಸಿರುವ, ಕಂಬಗಳ ಮೇಲೆ ಎಳೆದಿರುವ ಗಾಜಿನ ಎಳೆಗಳ, ಅಂದರೆ ಫೈಬರ್ ಮೂಲಕ. ಮೊಬೈಲಿನಿಂದ ಟವರ್‌ವರೆಗೆ, ಎಷ್ಟೋ ಕಡೆ ಟವರಿನಿಂದ ಟವರಿಗೆ ಮಾತ್ರ ಗಾಳಿಯಲ್ಲಿ. ಖಂಡದಿಂದ ಖಂಡಕ್ಕೆ ಸಾಗುವ ಡೇಟಾದಲ್ಲಿ ಶೇ. 95ಕ್ಕೂ ಹೆಚ್ಚು ಸಮುದ್ರದ ತಳದ ಕೇಬಲ್‌ಗಳಲ್ಲೇ ಹೋಗುತ್ತದೆ.

ಈ ಭ್ರಮೆಗೆ ಮೂಲ ತಾರಸಿ ಮೇಲಿನ ಡಿಟಿಎಚ್ ಬುಟ್ಟಿ. ಜೋರು ಮಳೆಗೆ ಟಿವಿ ನಿಲ್ಲುತ್ತದೆ, ಅದೇ ಹೊತ್ತಿಗೆ ನೆಟ್ಟೂ ಹೋಗುತ್ತದೆ, ಎರಡಕ್ಕೂ ಗಂಟು ಹಾಕಿಬಿಡುತ್ತೇವೆ. ಟಿವಿ ನಿಲ್ಲುವುದು ಮಳೆಹನಿ ಉಪಗ್ರಹದ ಸಿಗ್ನಲ್ಲನ್ನು ನುಂಗುವುದರಿಂದ. ನೆಟ್ ಹೋಗುವುದು ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿದಿದ್ದರಿಂದ, ಇಲ್ಲವೇ ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಮೇಲೆ ಕೊಂಬೆ ಮುರಿದು ಬಿದ್ದಿದ್ದರಿಂದ. "ಹಾಸನದಲ್ಲಿ ಇಸ್ರೋ ಕೇಂದ್ರ ಇದೆಯಲ್ಲ ಸರ್?" ಇದೆ ಮಾರಾಯರೆ. ಅಲ್ಲಿಂದ ಉಪಗ್ರಹಗಳನ್ನು ನಿಯಂತ್ರಿಸುತ್ತಾರೆ, ನಿಮ್ಮ ರೀಲ್ಸ್ ಕಳಿಸುವುದಿಲ್ಲ.

ನಂಬಿಕೆ ಬಾರದಿದ್ದರೆ ಲೆಕ್ಕ ಹಾಕಿ. ಡಿಟಿಎಚ್ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ನಿಮ್ಮ ಕೋರಿಕೆ ಮೇಲೆ ಹೋಗಿ ಕೆಳಗಿಳಿಯಲು 72,000, ಉತ್ತರ ಅದೇ ದಾರಿಯಲ್ಲಿ ಬರಲು ಇನ್ನೊಂದು 72,000. ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವ ಬೆಳಕಿಗೂ ಇದಕ್ಕೆ ಅರ್ಧ ಸೆಕೆಂಡ್ ಹತ್ತಿರ, ಅಂದರೆ 480 ಮಿಲಿಸೆಕೆಂಡ್ ಬೇಕು. ಈಗ ಕಂಪ್ಯೂಟರಿನಲ್ಲಿ ಯಾವುದಾದರೂ ದೊಡ್ಡ ಸೈಟಿಗೆ ಪಿಂಗ್ (ಸಂದೇಶ ಹೋಗಿ ಬರುವ ಸಮಯ ಅಳೆಯುವ ಆದೇಶ) ಕೊಟ್ಟು ನೋಡಿ. ಸಾಮಾನ್ಯವಾಗಿ 20, 30, ಇಲ್ಲವೇ 50 ಮಿಲಿಸೆಕೆಂಡ್ ಎಂದು ತೋರಿಸುತ್ತದೆ. ಬೆಳಕನ್ನು ಹಿಂದೆ ಹಾಕುವ ನೆಟ್ ಪ್ಯಾಕ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಉಪಗ್ರಹದಿಂದಲೇ ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಯ ಹೆಸರು ಹೇಳಿ ತಡೆಯಬೇಡಿ. ಅದರ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ, ಅವುಗಳ ಸಿಗ್ನಲ್ ಹಿಡಿಯಲು ಬೇರೆಯದೇ ಡಿಶ್ ಬೇಕು. ನಿಜವಾಗಿಯೂ ಉಪಗ್ರಹವನ್ನೇ ನಂಬಿಕೊಂಡಿದ್ದ ಜಾಗಗಳಲ್ಲಿ ಅಂಡಮಾನ್ ಒಂದು. 2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಸುಮಾರು 2,300 ಕಿ.ಮೀ. ಉದ್ದದ ಕೇಬಲ್ ಕಡಲಡಿಯಲ್ಲಿ ಬಂದ ಮೇಲೆ ಅದೂ ನೆಲದ ಕಡೆಗೆ ತಿರುಗಿತು.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಪ್ರಶ್ನೆಯೊಂದು ನನ್ನನ್ನು ಕಾಡುತ್ತದೆ: ಇಂಥ ಕೇಬಲ್ ಕಡಲಿನಲ್ಲಿ ತುಂಡಾದರೆ? ಆಗುತ್ತದೆ, ಬಹುಪಾಲು ಮೀನುಗಾರಿಕೆ ಬಲೆ, ಹಡಗಿನ ಲಂಗರುಗಳಿಂದ. 2008ರ ಜನವರಿ ಕೊನೆಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಕೇಬಲ್‌ಗಳು ಕಡಿದು ಭಾರತದ ನೆಟ್ಟೂ ಕುಂಟಿತ್ತು. ಹೀಗೆ ತುಂಡಾದಾಗ ರಿಪೇರಿ ಹಡಗು ಹೋಗಿ, ಕೊಕ್ಕೆ ಇಳಿಬಿಟ್ಟು, ತುದಿಯನ್ನು ಮೇಲೆತ್ತಿ, ಕೂದಲೆಳೆಯಷ್ಟು ತೆಳುವಾದ ಗಾಜನ್ನು ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಕಳೆದ ವಾರ ನಮ್ಮ ಬೀದಿಯ ಕೇಬಲ್ ಹುಡುಗ ಮಾಡುತ್ತಿದ್ದುದೂ ಅದೇ ಕೆಲಸ. ಬೈಕಿನ ಸೀಟಿನ ಮೇಲೆ ಬೆಸುಗೆ ಮಷೀನು, ಅದರ ಮೇಲೆ ಅವನ ಛತ್ರಿ, ಅವನು ಮಾತ್ರ ಪೂರ್ತಿ ಒದ್ದೆ.