ಬಂಡೆ ಹತ್ತುವ ಟೈರಿಗೆ ಗಾಳಿ ಎಷ್ಟು?

ಆಯುಧಪೂಜೆಯ ದಿನ ಬೈಕಿನ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುತ್ತೇವಲ್ಲ, ಹಣ್ಣು ಪಚಕ್ಕೆಂದು ಅಪ್ಪಚ್ಚಿಯಾಗುತ್ತದೆ. ದೃಷ್ಟಿ ಕಳೆಯಿತೋ ಬಿಟ್ಟಿತೋ, ಭೌತವಿಜ್ಞಾನದ ಒಂದು ಪ್ರಯೋಗವಂತೂ ಮುಗಿಯಿತು. 30 ಪಿಎಸ್‌ಐ ಒತ್ತಡದ ಗಾಳಿ ತುಂಬಿದ ಟೈರು ನಿಂಬೆಹಣ್ಣಿಗೆ ಬಗ್ಗುವುದಿಲ್ಲ, ಹಣ್ಣೇ ಬಗ್ಗಬೇಕು. ಇದೇ ಪೂಜೆಯನ್ನು ಟ್ರಯಲ್ಸ್ ಬೈಕಿನ ಹಿಂದಿನ ಚಕ್ರಕ್ಕೆ ಮಾಡಿ ನೋಡಿ. ಅದರಲ್ಲಿರುವ ಗಾಳಿ ಹೆಚ್ಚೆಂದರೆ 4ರಿಂದ 5 ಪಿಎಸ್‌ಐ. ಟೈರು ಹಣ್ಣನ್ನು ತನ್ನ ಮೈಯೊಳಗೆ ಎಳೆದುಕೊಂಡು, ಅದರ ಅಕ್ಕಪಕ್ಕದ ನೆಲವನ್ನೂ ಮುಟ್ಟಿಕೊಂಡು ದಾಟಿ ಹೋಗುತ್ತದೆ. ಹಣ್ಣು ಉಳಿದರೂ ಉಳಿದೀತು.

ಟ್ರಯಲ್ಸ್ ಎಂಬುದು ವೇಗದ ಪಂದ್ಯವಲ್ಲ. ಬಂಡೆ, ತೊರೆ, ಕೆಸರು, ಮರದ ಬೇರು ತುಂಬಿದ ಹಾದಿಯ ಒಂದು ತುಣುಕಿಗೆ ಗುರುತು ಹಾಕಿರುತ್ತಾರೆ. ಅದನ್ನು ಕಾಲು ಊರದೆ ದಾಟಬೇಕು. ಒಮ್ಮೆ ಊರಿದರೆ ಒಂದು ಅಂಕ, ಎರಡು ಸಲಕ್ಕೆ ಎರಡು, ಅದಕ್ಕಿಂತ ಹೆಚ್ಚು ಎಷ್ಟು ಸಲ ಊರಿದರೂ ಮೂರು, ಬಿದ್ದರೆ ಐದು. ಅಂಕ ಕಡಿಮೆ ಇದ್ದವನೇ ಗೆದ್ದವನು. ಬೈಕಿನ ತೂಕ ಎಪ್ಪತ್ತು ಕಿಲೋ ಆಸುಪಾಸು, ಸೀಟು ಹೆಸರಿಗಷ್ಟೇ, ವೇಗ ಬಹುಪಾಲು ನಡಿಗೆಯದ್ದು.

ಈ ಆಟದ ದೊಡ್ಡ ಜಾತ್ರೆ ನಡೆಯುವುದು ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ, ಮೇ ತಿಂಗಳಲ್ಲಿ. 1911ರಲ್ಲಿ ‘ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್’ ಎಂಬ ಹೆಸರು ಪಡೆದ ಸ್ಪರ್ಧೆ ಅದು. 1952ರಲ್ಲಿ ಅದನ್ನು ಗೆದ್ದ ಜಾನಿ ಬ್ರಿಟನ್ ಓಡಿಸಿದ್ದು ನಮ್ಮೂರಿನ ರಸ್ತೆಗಳಲ್ಲಿ ಇಂದಿಗೂ ಗುಡುಗುಡು ಎನ್ನುವ ಬುಲೆಟ್ಟಿನ ಹಿರಿಯಣ್ಣನನ್ನು, 350 ಸಿಸಿಯ ರಾಯಲ್ ಎನ್‌ಫೀಲ್ಡ್ ಬುಲೆಟ್ಟನ್ನು. ಸ್ಕಾಟ್ಲೆಂಡ್ ಎಂದಾಗ ನೆನಪಾಗುತ್ತದೆ: ಗಾಳಿ ತುಂಬುವ ಟೈರಿಗೆ 1845ರಲ್ಲಿ ಮೊದಲ ಪೇಟೆಂಟ್ ಪಡೆದ ರಾಬರ್ಟ್ ವಿಲಿಯಂ ಥಾಮ್ಸನ್ ಅಲ್ಲಿಯವನೇ. ಆಗ ಸೈಕಲ್ಲಿನ ಭರಾಟೆ ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಪೇಟೆಂಟ್ ಮೂಲೆ ಸೇರಿತು. 1887-88ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದೇ ವಿಚಾರವನ್ನು ಹೊಸದಾಗಿ ಕಂಡುಕೊಂಡ. ಅವನೂ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಇರಲಿ, ಟೈರಿಗೆ ಬರೋಣ.

ನನ್ನ ಪರಿಚಯದ ಹುಡುಗನೊಬ್ಬ ಹಳೆಯ ಬೈಕಿಗೆ ಮೋಟೋಕ್ರಾಸ್ ಎಂಬ ಮಣ್ಣುಹಾದಿಯ ರೇಸಿನ ಬಟನ್ ಟೈರು ಹಾಕಿಸಿಕೊಂಡು ಮಳೆಗಾಲದಲ್ಲಿ ಸಕಲೇಶಪುರದ ಕಡೆ ಹೋಗಿದ್ದ. ಒಂದೊಂದು ಬಟನ್ನೂ ಹೆಬ್ಬೆರಳ ದಪ್ಪದಷ್ಟು ಎತ್ತರ. ಕೆಸರಿನಲ್ಲಿ ರಾಜನಂತೆ ಹೋದವನು ಪಾಚಿಗಟ್ಟಿದ ಮೊದಲ ಹಾಸುಗಲ್ಲಿನ ಮೇಲೆ ಮಲಗಿದ. “ಇಷ್ಟು ದೊಡ್ಡ ಹಲ್ಲಿದ್ದರೂ ಜಾರಿತಲ್ಲ ಸರ್” ಎಂದು ಅವನಿಗೆ ಆಶ್ಚರ್ಯ. ಹಲ್ಲು ದೊಡ್ಡದಿದ್ದದ್ದರಿಂದಲೇ ಜಾರಿತು ಎಂದು ನಾನು ಹೇಳಿದ್ದನ್ನು ಅವನು ಇಂದಿಗೂ ನಂಬಿಲ್ಲ. ಈ ಲೇಖನ ಅವನಿಗಾಗಿ.

ಬಟನ್ ಟೈರು ನೆಲವನ್ನು ಅಗೆಯುವ ಸಾಧನ. ಮಣ್ಣು ಅಗೆಯಲು ಬಿಡುತ್ತದೆ, ಬಂಡೆ ಬಿಡುವುದಿಲ್ಲ. ಬಂಡೆಯ ಮೇಲೆ ಎತ್ತರದ ಬಟನ್ನುಗಳು ತುದಿಯಲ್ಲಷ್ಟೇ ನಿಂತು, ಭಾರ ಬಿದ್ದಾಗ ಎತ್ತರದ ಹಿಮ್ಮಡಿಯ ಚಪ್ಪಲಿಯಂತೆ ಮಡಚಿಕೊಳ್ಳುತ್ತವೆ. ಟ್ರಯಲ್ಸ್ ಟೈರಿನ ಹಲ್ಲುಗಳು ಗಿಡ್ಡ, ಚೌಕ, ಒತ್ತೊತ್ತು. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ನಿಯಮವೇ ಹಲ್ಲಿನ ಆಳ 13 ಮಿ.ಮೀ. ಮೀರಬಾರದು ಎನ್ನುತ್ತದೆ. ಹಲ್ಲಿನ ಅಂಚು ಚೂಪಾಗಿರಬೇಕು, ಅದು ಮಾತ್ರ ಮುಖ್ಯ. ಒದ್ದೆ ಕಲ್ಲಿನ ಮೇಲಿನ ನೀರನ್ನು ಒರೆಸಿ ಪಕ್ಕಕ್ಕೆ ತಳ್ಳುವುದು ಆ ಅಂಚೇ. ಒಂದು ಕಡೆಯ ಅಂಚು ಸವೆದು ಉರುಟಾದರೆ ಅನೇಕ ಸವಾರರು ಟೈರನ್ನು ಬಿಚ್ಚಿ ಹಿಂದುಮುಂದಾಗಿ ತಿರುವಿ ಹಾಕಿಕೊಳ್ಳುತ್ತಾರೆ.

ಈಗ ಸ್ವಲ್ಪ ಲೆಕ್ಕ. ಸವಾರನೂ ಬೈಕೂ ಸೇರಿ ನೂರನಲವತ್ತು ಕಿಲೋ, ಅದರಲ್ಲಿ ಎಂಬತ್ತು ಕಿಲೋ ಹಿಂದಿನ ಚಕ್ರದ ಮೇಲಿದೆ ಎನ್ನೋಣ. ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ನೆಲ ಮುಟ್ಟುವ ಜಾಗ ಸಿಗುತ್ತದೆ. 30 ಪಿಎಸ್‌ಐ ಇದ್ದರೆ ಸುಮಾರು 38 ಚದರ ಸೆಂ.ಮೀ., ಅಂದರೆ ಅಂಗೈಗಿಂತ ಚಿಕ್ಕದು. 4.5 ಪಿಎಸ್‌ಐ ಇದ್ದರೆ ಸುಮಾರು 250. ಟೈರಿನ ಪಕ್ಕೆಗಳೂ ಒಂದಿಷ್ಟು ಭಾರ ಹೊರುವುದರಿಂದ ನಿಜವಾದ ಅಂಕಿ ಇಷ್ಟಿರುವುದಿಲ್ಲ. ಆದರೂ ಅಂಗೈ ಎಲ್ಲಿ, ಬಾಳೆಎಲೆಯ ಕುಡಿ ಎಲ್ಲಿ!

“ಘರ್ಷಣೆಗೂ ಮುಟ್ಟುವ ಜಾಗಕ್ಕೂ ಸಂಬಂಧವಿಲ್ಲ ಎಂದು ಪಿಯುಸಿಯಲ್ಲಿ ಓದಿದ್ದೇವಲ್ಲ?” ಎಂದು ಇಲ್ಲಿ ಒಬ್ಬರಾದರೂ ಕೈ ಎತ್ತುತ್ತಾರೆ. ಎತ್ತಲೇಬೇಕು. ಲಿಯೊನಾರ್ಡೊ ಡ ವಿಂಚಿ ಟಿಪ್ಪಣಿಯಲ್ಲಿ ಬರೆದಿಟ್ಟದ್ದೂ, 1699ರಲ್ಲಿ ಫ್ರಾನ್ಸಿನ ವಿಜ್ಞಾನಿ ಅಮೊಂಟೊನ್ಸ್ ಮತ್ತೆ ಸಾರಿದ್ದೂ ಅದನ್ನೇ. ಮರ, ಕಲ್ಲು, ಲೋಹಗಳಿಗೆ ಆ ನಿಯಮ ಬಹುಮಟ್ಟಿಗೆ ಸರಿ. ರಬ್ಬರು ಮಾತ್ರ ಆ ತರಗತಿಯಲ್ಲಿ ಕುಳಿತಿರಲಿಲ್ಲ.

ರಬ್ಬರು ಅರ್ಧ ಸ್ಪ್ರಿಂಗು, ಅರ್ಧ ಹಲಸಿನ ಮೇಣ. ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ಹಿಂದಿರುಗುತ್ತದೆ, ಆದರೆ ಸಾವಕಾಶವಾಗಿ. ಚಪಾತಿ ಹಿಟ್ಟಿನ ಉಂಡೆಗೆ ಬೆರಳಿಟ್ಟು ತೆಗೆಯಿರಿ, ಕುಳಿ ಒಂದಿಷ್ಟು ಹೊತ್ತು ಹಾಗೇ ಇರುತ್ತದೆ. ರಬ್ಬರಿನಲ್ಲಿ ಆ ಕುಳಿ ಕ್ಷಣಾರ್ಧ ಮಾತ್ರ ಉಳಿಯುತ್ತದೆ, ಅಷ್ಟು ಸಾಕು. ಕಲ್ಲಿನ ಮೇಲಿನ ಒಂದು ಸಣ್ಣ ಉಬ್ಬಿನ ಮೇಲೆ ರಬ್ಬರು ಜಾರಲು ಹೊರಟಿದೆ ಎನ್ನಿ. ಉಬ್ಬಿನ ಮುಂಭಾಗ ರಬ್ಬರನ್ನು ತಡೆಯುತ್ತದೆ. ದಾಟಿದ ಮೇಲೆ ರಬ್ಬರು ಥಟ್ಟನೆ ಹಿಂದಿರುಗಿ ಉಬ್ಬಿನ ಹಿಂಭಾಗವನ್ನು ಒತ್ತಿದ್ದರೆ, ತಡೆದಷ್ಟೇ ತಳ್ಳಿ ಲೆಕ್ಕ ಚುಕ್ತಾ ಆಗುತ್ತಿತ್ತು. ಅದು ತಡವಾಗಿ ಹಿಂದಿರುಗುವುದರಿಂದ ತಳ್ಳು ಕಡಿಮೆ, ತಡೆ ಹೆಚ್ಚು. ಹತ್ತು ರೂಪಾಯಿ ಸಾಲ ಪಡೆದು ಆರು ಹಿಂದಿರುಗಿಸುವ ಗೆಳೆಯನಂತೆ. ಆ ನಾಲ್ಕು ರೂಪಾಯಿಯೇ ಹಿಡಿತ. ಹೆಚ್ಚು ಜಾಗ ಮುಟ್ಟಿದಷ್ಟೂ ಇಂಥ ಉಬ್ಬುಗಳು ಹೆಚ್ಚು ಸಿಗುತ್ತವೆ. ವಿಜ್ಞಾನಿಗಳು ಇದಕ್ಕೆ ಹಿಸ್ಟೆರಿಸಿಸ್ ಎನ್ನುತ್ತಾರೆ. ಇನ್ನೊಂದು ಬಗೆಯ ಹಿಡಿತ ಅಂಟಿನದು: ರಬ್ಬರಿನ ಅಣುಗಳು ಕಲ್ಲಿಗೆ ನೇರವಾಗಿ ತಾಗಿ ಹಿಡಿಯುವುದು. ನಡುವೆ ನೀರಿನ ಪದರ ಬಂದರೆ ಅಂಟು ಬಹುಪಾಲು ಹೋಗುತ್ತದೆ, ಸಾಲಗಾರ ಗೆಳೆಯ ಮಾತ್ರ ಉಳಿಯುತ್ತಾನೆ. ಒದ್ದೆ ಬಂಡೆಗೆ ಮೆತ್ತನೆಯ, ಪುಟಿಯದ ರಬ್ಬರೇ ಏಕೆ ಬೇಕು ಎಂಬುದಕ್ಕೆ ಉತ್ತರ ಇದು. ಪುಟಿಯುವ ಚೆಂಡಿನ ರಬ್ಬರಿನಲ್ಲಿ ಟೈರು ಮಾಡಿದರೆ ಕಥೆ ಮುಗಿಯಿತು.

ಇದರಲ್ಲೊಂದು ಸೊಗಸಿದೆ. 1963ರಲ್ಲಿ ಗ್ರೋಷ್ ಎಂಬ ಸಂಶೋಧಕ ರಬ್ಬರಿನ ಘರ್ಷಣೆ ಜಾರುವ ವೇಗಕ್ಕೂ ತಾಪಮಾನಕ್ಕೂ ತಕ್ಕಂತೆ ಹೇಗೆ ಬದಲಾಗುತ್ತದೆ ಎಂದು ಅಳೆದು ತೋರಿಸಿದ. ಅತಿ ನಿಧಾನವಾಗಿ ಜಾರುವಾಗ, ವೇಗ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಒಂದು ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಮಳೆಗಾಲದಲ್ಲಿ ಅಡಿಕೆ ಮರ ಏರುವವರ ಪಾದವನ್ನು ಗಮನಿಸಿದ್ದೀರಾ? ಹೆಜ್ಜೆ ಇಟ್ಟ ಕೂಡಲೇ ಭಾರ ಹಾಕುವುದಿಲ್ಲ. ಪಾದ ಕೂಡಲು ಬಿಟ್ಟು, ಒಂದು ಕೂದಲೆಳೆ ಜಾರಿ ನಿಂತ ಮೇಲೆ ಮೈ ಎತ್ತುತ್ತಾರೆ. ಒಳ್ಳೆಯ ಟ್ರಯಲ್ಸ್ ಸವಾರನ ಕೈಯೂ ಥ್ರಾಟಲ್ ಮೇಲೆ ಹಾಗೆಯೇ. ಚಕ್ರ ಗಿರ್ರನೆ ತಿರುಗಿತೆಂದರೆ ಶಿಖರ ದಾಟಿ ಆಚೆ ಬಿದ್ದ ಹಾಗೆ.

ಮೆತ್ತನೆಯ ರಬ್ಬರೂ ಕಡಿಮೆ ಗಾಳಿಯೂ ಕೂಡಿದರೂ, ಪಕ್ಕೆ ಬಿರುಸಾಗಿದ್ದರೆ ಅಷ್ಟೂ ವ್ಯರ್ಥ. ಹಿಂದಿನ ಟೈರು ರೇಡಿಯಲ್ ಆಗಿರುವುದು ಇದಕ್ಕೇ. ರೇಡಿಯಲ್ ರಚನೆಗೆ ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದದ್ದು ಕಾರಿಗಾಗಿ. ಹಳೆಯ ಬಗೆಯ ಟೈರಿನಲ್ಲಿ ಒಳಗಿನ ದಾರಗಳು ಬುಟ್ಟಿ ಹೆಣೆದಂತೆ ಓರೆಯಾಗಿ ಹೆಣೆದುಕೊಂಡಿದ್ದು, ಪಕ್ಕೆ ಬಗ್ಗಿದರೆ ತಳವೂ ಸೊಟ್ಟಗಾಗುತ್ತದೆ. ರೇಡಿಯಲ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೆಟ್ಟಗೆ ಹೋಗುವುದರಿಂದ ಪಕ್ಕೆ ತನ್ನಷ್ಟಕ್ಕೆ ಬಗ್ಗುತ್ತದೆ, ತಳ ಕಲ್ಲಿಗೆ ಚಪ್ಪಟೆಯಾಗಿ ಕೂರುತ್ತದೆ. ಹಿಂದಿನದು ಸಾಮಾನ್ಯವಾಗಿ 18 ಇಂಚಿನ ಟ್ಯೂಬ್‌ಲೆಸ್. ಮುಂದಿನದು 21 ಇಂಚಿನದು, ಟ್ಯೂಬ್ ಇರುವಂಥದ್ದು, ಅದಕ್ಕೆ ಒಂದು ಪಿಎಸ್‌ಐ ಹೆಚ್ಚು ಗಾಳಿ.

ಯಾವುದನ್ನು ಕೊಳ್ಳಬೇಕು ಎಂದರೆ ನನ್ನ ಉತ್ತರ ಚಿಕ್ಕದು. ಸ್ಪರ್ಧೆಗೆ ಮಿಶೆಲಿನ್ ಎಕ್ಸ್11, ಡನ್ಲಪ್ ಡಿ803, ಐಆರ್‌ಸಿ ಟಿಆರ್-011, ಈ ಮೂರರಲ್ಲಿ ಹೊಸದಾಗಿ ತಯಾರಾದದ್ದು ಯಾವುದು ಸಿಕ್ಕರೂ ಸರಿ. ಬ್ರಾಂಡಿನ ಜಗಳದಲ್ಲಿ ಅರ್ಧ ಭಕ್ತಿಯೇ. ನಡುನಡುವೆ ಡಾಂಬರು ರಸ್ತೆಯೂ ಇದೆ, ದೂರವೂ ಓಡಿಸಬೇಕು ಎನ್ನುವವರಿಗೆ ಪಿರೆಲ್ಲಿ ಎಂಟಿ43 ಲೇಸು. ಅದರ ಪಕ್ಕೆ ಬಿರುಸು, ರಬ್ಬರು ಗಟ್ಟಿ. ಬಂಡೆಯ ಹಿಡಿತದಲ್ಲಿ ಅದಕ್ಕೆ ತಕ್ಕ ಬೆಲೆ ತೆರಬೇಕು. ಬ್ರಾಂಡಿಗಿಂತ ಮೊದಲು ಪಕ್ಕೆಯ ಮೇಲಿನ ನಾಲ್ಕಂಕಿ ನೋಡಿ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಕಿಟಕಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ಒಣಗಿದ ಟೈರು ನೋಡಲು ಹೊಸದೇ, ಉಗುರಿನಿಂದ ಒತ್ತಿದರೆ ಗೊತ್ತಾಗುತ್ತದೆ.

ಕಡೆಯದಾಗಿ ನನಗೆ ತುಂಬ ಇಷ್ಟವಾದ ಒಂದು ಮೋಸ. ಮೀಟರಿನಲ್ಲಿ ಕಾಣುವುದು ಹೊರಗಿನ ಹವೆಗಿಂತ ಒಳಗಿನ ಒತ್ತಡ ಎಷ್ಟು ಹೆಚ್ಚು ಎಂಬುದು ಮಾತ್ರ. 4.5 ಎಂದು ತೋರಿಸುವ ಟೈರಿನೊಳಗೆ ನಿಜಕ್ಕೂ ಇರುವುದು ಅದಕ್ಕೆ ಹವೆಯ 14.7 ಕೂಡಿಸಿದ 19.2. ಬಿಸಿಲಿಗೆ ಕಾಯ್ದು ಹೆಚ್ಚುವುದು ಈ ಪೂರ್ತಿ 19.2. ಬೆಳಗಿನ ಇಪ್ಪತ್ತು ಡಿಗ್ರಿಯಿಂದ ಬಿಸಿಲಿನಲ್ಲಿ ನಲವತ್ತಕ್ಕೆ ಏರಿದರೆ ಸುಮಾರು 1.3 ಪಿಎಸ್‌ಐ ಹೆಚ್ಚುತ್ತದೆ, ಮೀಟರು 5.8 ತೋರಿಸುತ್ತದೆ. ರಸ್ತೆಯ ಬೈಕಿನ 30 ಆಗ 33 ಆಗುತ್ತದೆ, ಹತ್ತರಲ್ಲೊಂದು ಪಾಲು, ಯಾರಿಗೂ ತಿಳಿಯುವುದಿಲ್ಲ. ಟ್ರಯಲ್ಸ್ ಟೈರಿನಲ್ಲಿ ಅದು ಕಾಲುಭಾಗಕ್ಕೂ ಮಿಗಿಲು. ಬೆಳಿಗ್ಗೆ ಹತ್ತಿದ ಬಂಡೆ ಮಧ್ಯಾಹ್ನ ಜಾರಿಸಿದರೆ ರಾಹುಕಾಲವನ್ನು ದೂರಬೇಕಿಲ್ಲ. ಪಂಕ್ಚರ್ ಅಂಗಡಿಯ ಮೀಟರಿನಲ್ಲಿ ಈ ವ್ಯತ್ಯಾಸ ಮುಳ್ಳಿನ ದಪ್ಪದೊಳಗೇ ಅಡಗಿಹೋಗುತ್ತದೆ. 15 ಪಿಎಸ್‌ಐವರೆಗೆ ಮಾತ್ರ ಅಳೆಯುವ ಚಿಕ್ಕ ಮೀಟರೊಂದನ್ನು ಜೇಬಿನಲ್ಲಿಟ್ಟುಕೊಂಡು, ಬಿಸಿಲೇರಿದ ಮೇಲೆ ವಾಲ್ವಿನ ಪಿನ್ನನ್ನು ಉಗುರಿನಿಂದ ಒತ್ತಿ, ಉಸ್ಸೆಂದು ಒಂದಿಷ್ಟು ಬಿಟ್ಟು, ಮತ್ತೆ ಅಳೆದು ನೋಡುವುದು. ಸಂಜೆ ತಂಪಾದ ಮೇಲೆ ಪಂಪು ಹಿಡಿದು ಅಷ್ಟನ್ನೇ ವಾಪಸು ಹಾಕುವುದು.